ಹಗ್ಗದ ಆಚೆ ತುದಿ

"ಅಯ್ಯನವರೇ, ದೇವರು ಒಬ್ಬನೇ ಇದ್ದು ಮೂರು ವೇಷ ಹಾಕುತ್ತಾನೋ, ಇಲ್ಲ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ನಿಜವಾಗಿಯೂ ಇದ್ದಾರೋ?"

ಫಿಲೆಮೋನ ಇದನ್ನು ಕೇಳಿದ್ದು ಇಳಿಹೊತ್ತಿನಲ್ಲಿ, ದೇವಾಲಯದ ಹಿಂದಿನ ಪಡಸಾಲೆಯಲ್ಲಿ. ಹನೋಕಪ್ಪ ಅಯ್ಯನವರು ಮೊರದ ತುಂಬ ಶೇಂಗಾ ಹಾಕಿಕೊಂಡು ಸುಲಿಯುತ್ತ ಕೂತಿದ್ದರು. ಅವರು ಈ ಸಭೆಗೆ ಹಿರಿಯ ಗುರುಗಳು. ಫಿಲೆಮೋನ ಅವರ ಕೈಕೆಳಗೆ ಕಲಿತು ಈಗ ಅದೇ ಸಭೆಯಲ್ಲಿ ಉಪದೇಶಿಯಾಗಿ, ದೇವಾಲಯದ ಕಾಂಪೌಂಡಿನಲ್ಲೇ ತಾಯಿಯೊಡನೆ ಇದ್ದವನು. ಅಯ್ಯನವರು ತಲೆ ಎತ್ತಲಿಲ್ಲ.

"ಹೋದ ಭಾನುವಾರ ಇದನ್ನೇ ಮಕ್ಕಳಿಗೆ ಬೋಧಿಸಿದವನು ನೀನು. ಗಂಟಲು ಹರಿಯುವ ಹಾಗೆ ಬೋಧಿಸಿದೆ. ನನಗೆ ಇಲ್ಲಿಯ ತನಕ ಕೇಳಿಸಿತು. ಈಗ ಬಂದು ನನ್ನನ್ನು ಕೇಳುತ್ತೀಯಲ್ಲ!"

"ಉತ್ತರ ಗೊತ್ತಿದೆ, ಅಯ್ಯನವರೇ. ಅದನ್ನು ಒಬ್ಬರ ಮುಖಕ್ಕೆ ಹೇಳಬೇಕಾಗಿದೆ. ಅವರು ಎದುರು ಮಾತಾಡದ ಹಾಗೆ ಹೇಳಬೇಕಾಗಿದೆ."

"ಹಾಗಾದರೆ ನಿನಗೆ ಬೇಕಾದದ್ದು ಉತ್ತರವಲ್ಲ, ಬಡಿಗೆ. ಯಾರ ಮುಖಕ್ಕೆ?"

ಅಯ್ಯನವರಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅವನ ಅಣ್ಣ ಸಿಲ್ವಾನ ಹೋದ ಸುಗ್ಗಿಯ ಹೊತ್ತಿಗೆ ಬೇರೊಂದು ಸಭೆ ಸೇರಿದ್ದ. ದೇವರು ಒಬ್ಬನೇ, ಮೊದಲು ತಂದೆಯಾಗಿ ತೋರಿಕೊಂಡ, ಆಮೇಲೆ ಮಗನಾಗಿ ಬಂದ, ಈಗ ಆತ್ಮನಾಗಿ ಇದ್ದಾನೆ, ಮೂರೂ ಅವನೊಬ್ಬನ ವೇಷಗಳು ಎಂಬುದು ಆ ಸಭೆಯವರ ನಂಬಿಕೆ. ಅಷ್ಟಾಗಿದ್ದರೆ ಫಿಲೆಮೋನ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದ. ಆದರೆ ಸಿಲ್ವಾನ ಒಂದು ದಿನ ಮನೆಗೆ ಬಂದು, ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂತು, "ಅವ್ವಾ, ಮೂರು ಹೆಸರು ಹೇಳಿ ಕೊಟ್ಟ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ. ಒಂದೇ ಹೆಸರಿನಲ್ಲಿ ಮತ್ತೆ ತೆಗೆದುಕೋ" ಎಂದಿದ್ದ. ತಾಯಿ ದೊರ್ಕಮ್ಮನಿಗೆ ಎದ್ದು ಕೂರಲೂ ತ್ರಾಣವಿರಲಿಲ್ಲ. ಇಷ್ಟು ವರ್ಷ ನಾನು ಯಾರ ಮಗಳಾಗಿ ಬದುಕಿದೆ ಎಂದು ಅವಳು ದಿನವೆಲ್ಲ ಅತ್ತಳು. ಆ ದಿನ ಫಿಲೆಮೋನ ಅಣ್ಣನ ರಟ್ಟೆ ಹಿಡಿದು ಹೊರಗೆ ಹಾಕಿದ. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ.

"ಈಗ ಅವ್ವ ಇಬ್ಬರೂ ಬೇಕು ಅನ್ನುತ್ತಾಳೆ" ಎಂದು ಫಿಲೆಮೋನ ಹೇಳಿದ. "ಚಿಕ್ಕಂದಿನಿಂದ ಸಂಜೆಯ ಕೀರ್ತನೆಯನ್ನು ನಾವಿಬ್ಬರೇ ಅವಳ ಮುಂದೆ ಹಾಡುತ್ತಿದ್ದೆವು. ಈಗ ನಾನೊಬ್ಬನೇ ಹಾಡಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಇನ್ನು ಹೆಚ್ಚು ದಿನ ಇರುವವಳಲ್ಲ. ಇವತ್ತು ಅಣ್ಣ ಬಂದಿದ್ದಾನೆ. ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಬೆಳಗಿನಿಂದ ಕೂತಿದ್ದಾನೆ. ಒಳಗೆ ಬಿಟ್ಟರೆ ಸುಳ್ಳಿಗೆ ಬಾಗಿಲು ತೆರೆದ ಹಾಗೆ. ಬಿಡದಿದ್ದರೆ..."

ಅಯ್ಯನವರು ಒಂದು ಹಿಡಿ ಶೇಂಗಾ ತೆಗೆದು ಅವನ ಮುಂದೆ ಸುರಿದರು.

"ಸುಲಿ. ಕೈಗೆ ಕೆಲಸ ಇರಲಿ. ಒಂದು ಕತೆ ಹೇಳುತ್ತೇನೆ" ಎಂದರು. "ಮೊದಲೇ ಹೇಳಿಬಿಡುತ್ತೇನೆ, ಇದು ಅಂಬಿಗರ ಕತೆ. ದೇವರನ್ನು ಅಳೆಯುವ ಕೊಳಗ ಅಲ್ಲ. ಎಲ್ಲ ದೋಣಿಯೂ ಎಲ್ಲಾದರೂ ಒಂದು ಕಡೆ ಸೋರುತ್ತದೆ, ಇದೂ ಸೋರುತ್ತದೆ. ಆಚೆ ದಡ ಮುಟ್ಟಿಸಿದರೆ ಸಾಕು."

ಫಿಲೆಮೋನ ಶೇಂಗಾ ಸುಲಿಯತೊಡಗಿದ. ಅಯ್ಯನವರು ಹೇಳತೊಡಗಿದರು.

ಒಂದು ಹೊಳೆ ಇತ್ತು. ಅದಕ್ಕೆ ಸೇತುವೆ ಇರಲಿಲ್ಲ. ಬಿಸಿಲೇರಿದರೆ ಸಾಕು, ಆ ಹೊಳೆಯ ಮೇಲೆ ಗಾಳಿ ಏಳುತ್ತಿತ್ತು. ಗಾಳಿಗೆ ಹರಿಗೋಲು ಬುಗುರಿಯ ಹಾಗೆ ತಿರುಗುತ್ತಿತ್ತು. ಅದಕ್ಕೇ ಜನ ಬೆಳಗಿನ ಜಾವವೇ ದಾಟುತ್ತಿದ್ದರು. ಆದರೆ ಬೆಳಗಿನ ಜಾವ ಅಲ್ಲಿ ಮಂಜು. ಎಂಥ ಮಂಜು ಅಂತೀ! ಕೂತವನಿಗೆ ತನ್ನ ಮೊಣಕಾಲು ಯಾವುದು, ಪಕ್ಕದವನದು ಯಾವುದು ಎಂದು ತಿಳಿಯದಂಥ ಮಂಜು. ನೀರು ಕಾಣುತ್ತಿರಲಿಲ್ಲ, ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ನಿದ್ದೆಯಲ್ಲಿ ದಾಟಿದ ಹಾಗೆ ಜನ ಆ ಹೊಳೆ ದಾಟುತ್ತಿದ್ದರು. ಆಚೆ ದಡದಲ್ಲಿ ಇಳಿದ ಮೇಲೆ, ದಾಟಿದ್ದು ನಿಜವೋ ಕನಸೋ ಎಂದು ಕಾಲಡಿಯ ಮರಳು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ದಾಟಿಸುವ ರೀತಿ ಹೀಗಿತ್ತು. ಈಚೆ ದಡದಲ್ಲಿ ಒಂದು ದನಿ "ಬನ್ನಿ, ಬನ್ನಿ" ಎಂದು ಕರೆಯುತ್ತಿತ್ತು. ಒಂದು ಕೈ ನಿನ್ನ ಕೈ ಹಿಡಿದು ಹರಿಗೋಲಿನಲ್ಲಿ ಕೂರಿಸುತ್ತಿತ್ತು. ಕೂರಿಸಿದವನು ನಿನ್ನ ಬೆನ್ನ ಹಿಂದೆಯೇ ಕೂತು ಒಂದು ಹಾಡು ಎತ್ತುತ್ತಿದ್ದ. ಮುಂದೆ ಒಬ್ಬ ಉದ್ದನೆಯ ಬಿದಿರು ಗಣೆ ಹಿಡಿದು ನಿಂತು ಬಂಡೆಗಳಿಂದ ತಪ್ಪಿಸುತ್ತಿದ್ದ. ಹರಿಗೋಲಿಗೆ ದಪ್ಪ ಹಗ್ಗ ಕಟ್ಟಿತ್ತು. ಅದರ ಇನ್ನೊಂದು ತುದಿ ಆಚೆ ದಡದಲ್ಲಿ ಒಬ್ಬನ ಕೈಯಲ್ಲಿ ಇರುತ್ತಿತ್ತು. ಹಾಡಿನ ತಾಳಕ್ಕೆ ಸರಿಯಾಗಿ ಅವನು ಹಗ್ಗ ಎಳೆಯುತ್ತಿದ್ದ.

"ಹಗ್ಗ ಅಂದರೆ ಪವಿತ್ರಾತ್ಮ..." ಎಂದು ಫಿಲೆಮೋನ ಬಾಯಿ ಹಾಕಿದ.

"ಹಗ್ಗ ಅಂದರೆ ಹಗ್ಗ. ಬೆನ್ನ ಹಿಂದೆ ಕೂತು ಹಾಡುವ ಒಬ್ಬನನ್ನು ಆಗಲೇ ಹೇಳಿದೆ, ಅವನನ್ನು ಬಿಟ್ಟು ನಾರಿನ ಹಗ್ಗ ಹಿಡಿದುಕೊಂಡೆಯಲ್ಲ! ಸುಮ್ಮನೆ ಕೂತು ಕೇಳು ತಮ್ಮಾ."

ಫಿಲೆಮೋನ ಮತ್ತೆ ಶೇಂಗಾಕ್ಕೆ ಕೈ ಹಾಕಿದ.

ನಡುಹೊಳೆಯಲ್ಲಿ ಒಂದು ಪದ್ಧತಿ ಇತ್ತು. ಗಣೆಯವನು ಬಾಯಿಗೆ ಕೈ ಅಡ್ಡ ಹಿಡಿದು, "ಇದ್ದೀಯಾ?" ಎಂದು ಆಚೆ ದಡಕ್ಕೆ ಕೂಗುತ್ತಿದ್ದ. ಮಂಜಿನ ಒಳಗಿನಿಂದ "ಇದ್ದೇನೆ" ಎಂದು ಉತ್ತರ ಬರುತ್ತಿತ್ತು. ಆ ಉತ್ತರ ಬಂದ ಮೇಲೆಯೇ ಹರಿಗೋಲು ಸುಳಿಯ ಜಾಗಕ್ಕೆ ಇಳಿಯುತ್ತಿತ್ತು. ಕಟ್ಟುನಿಟ್ಟಿನ ಮಾತು ಇನ್ನೊಂದಿತ್ತು. ಕೂತವರು ಹಿಂದಿರುಗಿ ನೋಡಬಾರದು. ಹಿಂದಿರುಗಿದರೆ ಹರಿಗೋಲು ವಾಲುತ್ತದೆ.

ಆ ಹೊಳೆಯನ್ನು ದಾಟಿ ವ್ಯಾಪಾರ ಮಾಡುವ ಇಬ್ಬರು ಬಳೆಗಾರರಿದ್ದರು. ಅಣ್ಣತಮ್ಮಂದಿರು. ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೆ ಏರಿಸಿಕೊಂಡು, ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು, ಒಂದೇ ಹರಿಗೋಲಿನಲ್ಲಿ ಕೂರುತ್ತಿದ್ದರು. ಅಣ್ಣ ಜಾಣ. ಬಳೆಗಾರನ ಕಣ್ಣು ಗೊತ್ತಲ್ಲ, ಕೈ ನೋಡಿಯೇ ಅಳತೆ ಹೇಳುವ ಕಣ್ಣು. ಈಚೆ ದಡದಲ್ಲಿ ತನ್ನನ್ನು ಹತ್ತಿಸುವ ಕೈಯನ್ನು ಅವನು ನೋಡಿದ. ಗಣೆ ಹಿಡಿದ ಕೈಯನ್ನು ನೋಡಿದ. ಆಚೆ ದಡದಲ್ಲಿ ಹಗ್ಗ ಸುತ್ತುತ್ತ ಮಂಜಿನೊಳಗೆ ಹೋಗುವ ಬೆನ್ನನ್ನು ನೋಡಿದ. ಅದೇ ಮಣಿಕಟ್ಟು, ಅದೇ ನಡಿಗೆ, ಅದೇ ದನಿ. ಇಬ್ಬರನ್ನು ಒಟ್ಟಿಗೆ ಕಂಡದ್ದು ಮಾತ್ರ ಒಂದು ಸಲವೂ ಇಲ್ಲ.

ಅವನಿಗೆ ಒಮ್ಮೆಲೇ ಹೊಳೆಯಿತು. ಓಹೋ, ಇರುವವನು ಒಬ್ಬನೇ! ಈಚೆ ಕರೆಯುವವನು, ನಡುವೆ ಗಣೆ ಹಾಕುವವನು, ಆಚೆ ಇಳಿಸಿಕೊಳ್ಳುವವನು ಎಲ್ಲ ಅವನೇ. ಹೊತ್ತಿಗೊಂದು ರುಮಾಲು ಬದಲಾಯಿಸುತ್ತಾನೆ, ಅಷ್ಟೆ. ಹಾಗಾದರೆ ಹಗ್ಗ ಎಳೆಯುವವರು ಯಾರು ಎಂದು ಯಾರೋ ಕೇಳಿದರು. ಯಾರೂ ಎಳೆಯುವುದಿಲ್ಲ, ಆಚೆ ಒಂದು ಗೂಟಕ್ಕೆ ಕಟ್ಟಿದ್ದಾನೆ, ತಾನೇ ಜಗ್ಗಿಕೊಂಡು ಹೋಗುತ್ತಾನೆ ಎಂದ. ಬೆನ್ನ ಹಿಂದಿನ ಹಾಡು? ಮುಂದೆ ನಿಂತು ಅವನೇ ಹಾಡುತ್ತಾನೆ, ಮಂಜಿನಲ್ಲಿ ದನಿ ಹಿಂದಿನಿಂದ ಬಂದ ಹಾಗೆ ಕೇಳುತ್ತದೆ. ನಡುಹೊಳೆಯ ಕೂಗು? ತಾನೇ ಕೂಗುತ್ತಾನೆ, ದನಿ ಬದಲಿಸಿ ತಾನೇ ಉತ್ತರ ಕೊಡುತ್ತಾನೆ. ನಮ್ಮಂಥ ಪುಕ್ಕಲರಿಗೆ ಧೈರ್ಯ ಬರಲಿ ಎಂದು!

ಹೀಗೆ ಕಂಡುಕೊಂಡ ಮೇಲೆ ಅವನಿಗೆ ಆ ಅಂಬಿಗನ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು. ಎಷ್ಟು ಕಷ್ಟಪಡುತ್ತಾನಲ್ಲ ಒಬ್ಬನೇ ಎಂದು ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ. ಇದನ್ನು ನೀನು ಮರೆಯಬೇಡ. ಅವನು ತಪ್ಪಾಗಿ ಎಣಿಸಿದ್ದು ನಿಜ, ಪ್ರೀತಿಸಿದ್ದೂ ನಿಜ.

ತಮ್ಮ ಒಪ್ಪಲಿಲ್ಲ. ಮೂವರಿದ್ದಾರೆ ಎಂದ. ಸರಿಯಾಗಿಯೇ ಹೇಳಿದ. ಆದರೆ ಹೇಳಿ ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ? ಮೂವರಿಗೆ ಮೂರು ಮನೆ ಕಟ್ಟಿಕೊಟ್ಟ, ಮನಸ್ಸಿನಲ್ಲೇ. ಮೂವರಿಗೆ ಮೂರು ಬುದ್ಧಿ ಕೊಟ್ಟ. ಆಚೆ ದಡದವನು ಸಿಡುಕ, ಗಣೆಯವನು ಮೆದು, ಹಾಡುವವನು ಸಾಧು ಎಂದು ತಾನೇ ಗೆರೆ ಎಳೆದ. ಮೂವರಿಗೂ ಬೇರೆ ಬೇರೆ ಎಲೆಯಡಿಕೆ ಕಟ್ಟಿಸಿಕೊಂಡು ಬರುತ್ತಿದ್ದ. "ಆಚೆಯವನಿಗೆ ನನ್ನ ಮೇಲೆ ಕೋಪ ಬಂದೀತು, ನೀನಾದರೂ ಒಂದು ಮಾತು ಹೇಳಪ್ಪ" ಎಂದು ಗಣೆಯವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಗಣೆಯವನು ಅವನ ಮುಖವನ್ನೇ ನೋಡುತ್ತಿದ್ದ. ಇವನು ಯಾರ ವಿಷಯ ಹೇಳುತ್ತಿದ್ದಾನೆ ಎಂದು ತಿಳಿಯದವನ ಹಾಗೆ ನೋಡುತ್ತಿದ್ದ.

ಫಿಲೆಮೋನನ ಕೈ ನಿಂತಿತು. ತಾನು ಪ್ರಾರ್ಥಿಸುವಾಗ ತಂದೆಗೆ ಹೆದರಿ ಮಗನ ಬೆನ್ನಿಗೆ ಅವಿತುಕೊಳ್ಳುತ್ತಿದ್ದದ್ದು ಅವನಿಗೆ ನೆನಪಾಯಿತು. ಅಯ್ಯನವರು ಅದನ್ನು ನೋಡಿದರೂ ನೋಡದವರಂತೆ ಮುಂದೆ ಹೇಳಿದರು.

ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆಯಿತು. ನೀನು ಅಂಬಿಗನನ್ನು ಮೂರು ತುಂಡು ಮಾಡಿದೆ ಎಂದು ಅಣ್ಣ. ನೀನು ಇಬ್ಬರನ್ನು ಕೊಂದುಹಾಕಿದೆ ಎಂದು ತಮ್ಮ. ಸಂತೆಯಲ್ಲಿ ಜನ ಕೂಡುವ ತನಕ ಜಗಳವಾಯಿತು. ಅವತ್ತಿನಿಂದ ಅಣ್ಣ ಹೋದ ದಿನ ತಮ್ಮ ಹೋಗುತ್ತಿರಲಿಲ್ಲ, ತಮ್ಮ ಹೋದ ದಿನ ಅಣ್ಣ ಹೋಗುತ್ತಿರಲಿಲ್ಲ. ಹರಿಗೋಲು ಮಾತ್ರ ಇಬ್ಬರನ್ನೂ ಹೊತ್ತು ದಾಟಿಸುತ್ತಿತ್ತು.

ಅವರಿಗೆ ಒಬ್ಬಳು ತಂಗಿ. ಹೊಳೆಯ ಆಚೆ ಊರಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಬಸುರಿಗೆ ತವರಿನವರು ಹಸಿರು ಬಳೆ ತೊಡಿಸಬೇಕು. ಬಳೆಗಾರರ ಮನೆಯ ಹೆಣ್ಣಿಗಂತೂ ಅಣ್ಣಂದಿರೇ ಬಂದು ತಮ್ಮ ಕೈಯಿಂದ ತೊಡಿಸಬೇಕು. ಅದು ಅವರ ಕುಲದ ಪದ್ಧತಿ. ತಂಗಿ ಹೇಳಿ ಕಳಿಸಿದಳು: "ಇಬ್ಬರೂ ಒಟ್ಟಿಗೆ ಬಂದರೆ ಕೈ ನೀಡುತ್ತೇನೆ. ಒಬ್ಬರೇ ಬಂದರೆ ಬರಿಗೈಯಲ್ಲೇ ಹೆರುತ್ತೇನೆ."

ಆ ಮಾತು ಕೇಳಿ ಅಣ್ಣ ಆಗಲೇ ಮಲಾರಕ್ಕೆ ಹಸಿರು ಬಳೆ ಪೋಣಿಸಲು ಕೂತ. ಎತ್ತಿ ಆಡಿಸಿದ ತಂಗಿ ಅವಳು. ಅವಳ ಪುಟ್ಟ ಕೈಗೆ ಮೊದಲ ಬಳೆ ತೊಡಿಸಿದ್ದು ಅವನೇ. ಮರುದಿನ ಬೆಳಗಿನ ಜಾವ ಅಣ್ಣ ಹೊಳೆಯ ದಡಕ್ಕೆ ಬಂದ. ತಮ್ಮನೂ ಬಂದಿದ್ದ.

ಮೇಲೆಲ್ಲೋ ಮಳೆಯಾಗಿ ಹೊಳೆ ತುಂಬಿತ್ತು. ಮಂಜು ಎಂದಿಗಿಂತ ದಟ್ಟವಾಗಿತ್ತು. "ಬನ್ನಿ, ಬನ್ನಿ" ಎಂಬ ದನಿ ಕೇಳಿತು. ಕೈ ಬಂತು. ಅದೇ ಕೈ ಅಣ್ಣನನ್ನೂ ಹತ್ತಿಸಿತು, ತಮ್ಮನನ್ನೂ ಹತ್ತಿಸಿತು. ಇಬ್ಬರೂ ಒಂದೊಂದು ಕಡೆ ಮುಖ ಮಾಡಿ ಕೂತರು. ಬೆನ್ನ ಹಿಂದೆ ಹಾಡು ಎದ್ದಿತು. ತಮ್ಮ ದನಿಗೂಡಿಸಿದ. ತಮ್ಮ ಹಾಡಿದನಲ್ಲ ಎಂದು ಅಣ್ಣ ಬಾಯಿ ಮುಚ್ಚಿಕೊಂಡ.

ಹರಿಗೋಲು ಮೆಲ್ಲಗೆ ಸಾಗಿತು. ಮೇಲೆ ಬಿಳಿ, ಕೆಳಗೆ ಬಿಳಿ, ಹಾಡೊಂದು ನಡುವೆ. ಅಣ್ಣನಿಗೆ ಜೊಂಪು ಹತ್ತಿದ ಹಾಗಾಯಿತು. ತಂಗಿ ಚಿಕ್ಕವಳಾಗಿ ಎದುರು ಕೂತು ಕೈ ಚಾಚಿದ ಹಾಗೆ ಕಂಡಿತು. ಅವಳು ಕೈ ಚಾಚುತ್ತಾಳೆ, ಇವನು ಬಳೆ ತೊಡಿಸಲು ಹೋಗುತ್ತಾನೆ, ಅಷ್ಟರಲ್ಲಿ ಮಂಜು ಬಂದು ಕೈ ಮರೆಯಾಗುತ್ತದೆ. ಅವನು ಬೆಚ್ಚಿ ಕಣ್ಣು ತೆರೆದ. ಹರಿಗೋಲು ನಿಂತಿತ್ತು.

ತೇಲಿಬಂದ ಮರವೊಂದು ನಡುಹೊಳೆಯಲ್ಲಿ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಅದರ ಬೇರುಗಳು ಹಗ್ಗವನ್ನು ಹಿಡಿದು ನೀರಿನೊಳಗೆ ಜಗ್ಗುತ್ತಿದ್ದವು. ಹರಿಗೋಲು ಒಂದು ಮಗ್ಗುಲಿಗೆ ವಾಲಿತು, ನೀರು ಒಳಗೆ ಬಂತು. ಗಣೆಯವನು ಬಾಯಿಗೆ ಕೈ ಹಿಡಿದು ಕೂಗಿದ.

"ಇದ್ದೀಯಾ?"

"ಇದ್ದೇನೆ" ಎಂದಿತು ಮಂಜು.

ಗಣೆಯವನು ಗಣೆಯನ್ನು ಕೆಳಗಿಟ್ಟ. ಇವರಿಬ್ಬರನ್ನೂ ಒಮ್ಮೆ ನೋಡಿದ. ಆಮೇಲೆ ನೀರಿಗೆ ಇಳಿದ.

ಅಣ್ಣ ಹರಿಗೋಲಿನ ಅಂಚು ಹಿಡಿದುಕೊಂಡ. ಇರುವವನು ಒಬ್ಬನೇ ಎಂದು ಊರೆಲ್ಲ ಸಾರಿದವನು ಅವನು. ಆ ಒಬ್ಬ ಈಗ ನೀರಿನಲ್ಲಿದ್ದಾನೆ. ಹಾಗಾದರೆ ಆಚೆ ದಡದಲ್ಲಿ ಯಾರಿದ್ದಾರೆ? ಒಂದು ಗೂಟ. ಬೆನ್ನ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ತಾನು ಹೇಳಿದ್ದೇ ನಿಜವಾದರೆ ಈ ಹೊಳೆಯಲ್ಲಿ ತಮ್ಮನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ತಂಗಿ ಬರಿಗೈಯಲ್ಲೇ ಹೆರುತ್ತಾಳೆ.

ನೀರಿನಲ್ಲಿದ್ದವನು ಬೇರುಗಳೊಡನೆ ಹೆಣಗುತ್ತಿದ್ದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಎದ್ದಾಗ ಇನ್ನೊಮ್ಮೆ ಕೂಗಿದ. "ಕೈ ಬಿಟ್ಟೆಯಾ?" ಎಂದು ಕೂಗಿದ. ಈ ಸಲ ಉತ್ತರ ಬರಲಿಲ್ಲ.

ಆ ಕೂಗನ್ನು ಅಣ್ಣ ಸಾಯುವ ತನಕ ಮರೆಯಲಿಲ್ಲ. ಅದು ನಾಟಕದ ಕೂಗಲ್ಲ. ಬಾಯಿಗೆ ನೀರು ನುಗ್ಗುವಾಗ ಯಾರೂ ವೇಷ ಹಾಕುವುದಿಲ್ಲ. ತನ್ನನ್ನು ತಾನೇ ಹಾಗೆ ಕರೆಯುವುದಿಲ್ಲ. ಅವನು ಯಾರನ್ನೋ ಕರೆಯುತ್ತಿದ್ದ. ಬಲ್ಲವನನ್ನು, ಹುಟ್ಟಿದಾಗಿನಿಂದ ಬಲ್ಲವನನ್ನು ಕರೆಯುವ ಹಾಗೆ ಕರೆಯುತ್ತಿದ್ದ. ಅಣ್ಣನಿಗೆ ಅಳು ಬಂತು. "ಇರಲಪ್ಪಾ, ಆಚೆ ಯಾರಾದರೂ ಇರಲಿ. ನಾನು ಹೇಳಿದ್ದೆಲ್ಲ ಸುಳ್ಳಾಗಲಿ!" ಎಂದು ಬಾಯಿಬಿಟ್ಟು ಹೇಳಿದ. ಹೆಗಲ ಮಲಾರವನ್ನು ಬಿಸಾಡಿ ಎರಡೂ ಕೈಯಿಂದ ಹಗ್ಗ ಹಿಡಿದ. ಬಳೆಗಳೆಲ್ಲ ನೀರಿಗೆ ಹೋದವು. ತಮ್ಮನೂ ಬಂದು ಅವನ ಕೈಯ ಪಕ್ಕದಲ್ಲೇ ಹಗ್ಗ ಹಿಡಿದ.

ಹಗ್ಗ ಸಡಿಲವಾಗಿತ್ತು. ಸತ್ತ ಹಾವಿನ ಹಾಗೆ ಕೈಯಲ್ಲಿ ಬಿದ್ದಿತ್ತು.

ಆಮೇಲೆ ಅದು ಮಿಸುಕಿತು. ಬೇರಿನಿಂದ ಬಿಡಿಸಿಕೊಂಡು ಮೇಲೆ ಬಂತು, ನೀರು ತೊಟ್ಟಿಕ್ಕುತ್ತ ಬಿಗಿಯಾಯಿತು. ಆಚೆಯಿಂದ ಯಾರೋ ಎಳೆಯುತ್ತಿದ್ದರು. ಗೂಟವಲ್ಲ, ಗೂಟ ಎಳೆಯುವುದಿಲ್ಲ. ಕೈ ಎಳೆಯುತ್ತಿತ್ತು. ಅದೇ ಗಳಿಗೆಯಲ್ಲಿ ಅಣ್ಣನ ಹೆಗಲ ಮೇಲೆ ಹಿಂದಿನಿಂದ ಬೆಚ್ಚಗಿನ ಒಂದು ಕೈ ಬಂದು ಕೂತಿತು. "ಹಾಡು" ಎಂದಿತು ಒಂದು ದನಿ, ಕಿವಿಯ ಹತ್ತಿರವೇ. ಎದುರಿನಲ್ಲಿ, ನೀರಿನಲ್ಲಿ, ಗಣೆಯವನ ಕೈ ಹರಿಗೋಲಿನ ಅಂಚನ್ನು ಹಿಡಿದು ಮುಂದಕ್ಕೆ ತಳ್ಳುತ್ತಿತ್ತು.

ನೀರಿನಲ್ಲಿ ಒಬ್ಬ. ಆಚೆ ದಡದಲ್ಲಿ ಒಬ್ಬ. ಹೆಗಲ ಮೇಲೆ ಕೈಯಿಟ್ಟವನು ಒಬ್ಬ. ಒಂದೇ ಗಳಿಗೆಯಲ್ಲಿ ಇಷ್ಟೂ ಆಯಿತು. ರುಮಾಲು ಬದಲಾಯಿಸಲು ಹೊತ್ತೆಲ್ಲಿತ್ತು? ಅಣ್ಣ ಬಾಯಿ ತೆರೆದು ಹಾಡಿದ. ಅಳುತ್ತಲೇ ಹಾಡಿದ. ತಮ್ಮನ ದನಿಗೆ ಅವನ ದನಿ ಕೂಡಿತು.

ಆಚೆ ದಡ ಬಂತು. ಇಬ್ಬರೂ ಮರಳಿನ ಮೇಲೆ ಕುಸಿದು ಕೂತರು. ಮಂಜು ತುಸು ತಿಳಿಯಾಗಿತ್ತು. ನೀರಿನಿಂದ ಒಬ್ಬ ಮೇಲೆ ಬಂದ, ಮೈಯೆಲ್ಲ ತರಚಿತ್ತು. ದಡದಿಂದ ಒಬ್ಬ ಇಳಿದುಬಂದ, ಅವನ ಅಂಗೈಗಳು ಹಗ್ಗ ಉಜ್ಜಿ ಕಿತ್ತುಹೋಗಿದ್ದವು. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಿಂದೆ ಕೂತಿದ್ದವನೂ ಬಂದು ಕೂಡಿಕೊಂಡ. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು. ಮಂಜಿಗಿಂತ ಮೇಲೆ, ದಿಬ್ಬದಲ್ಲಿ, ಅಂಬಿಗರ ಒಂದು ಮನೆ, ಒಂದು ಒಲೆಯ ಹೊಗೆ ಕಂಡಿತು. ಎರಡನೆಯ ಹೊಗೆ ಎಲ್ಲೂ ಕಾಣಲಿಲ್ಲ.

"ತಮ್ಮಾ, ಅಂಬಿಗ ಒಬ್ಬನೇ ಎಂದಿದ್ದೆ ನಾನು" ಎಂದ ಅಣ್ಣ.

"ನಾನು ಮೂರು ಮನೆ ಎಂದಿದ್ದೆ, ಅಣ್ಣ" ಎಂದ ತಮ್ಮ. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. "ಆದರೆ ಹಗ್ಗದಲ್ಲಿ ಮೂರು ಎಳೆತ ಇರಲಿಲ್ಲ. ಯಾರದು ಯಾವುದು ಎಂದು ಹುಡುಕಿದೆ. ಒಂದೇ ಎಳೆತ ಇತ್ತು. ಆಚೆಯವನನ್ನು ನಾನು ಸಿಡುಕ ಅನ್ನುತ್ತಿದ್ದೆನಲ್ಲ, ಅವನ ಅಂಗೈ ನೋಡಿದೆಯಾ?"

ಅಣ್ಣನ ಬಳೆಗಳು ಹೊಳೆಯ ಪಾಲಾಗಿದ್ದವು. ತಮ್ಮನ ಮಲಾರದಲ್ಲಿ ಹಸಿರು ಬಳೆ ಉಳಿದಿದ್ದವು. ಇಬ್ಬರೂ ಒದ್ದೆ ಬಟ್ಟೆಯಲ್ಲೇ ಹೋಗಿ ತಂಗಿಯ ಬಾಗಿಲಲ್ಲಿ ನಿಂತರು. ಅವಳು ಒಬ್ಬನನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು. ತಮ್ಮ ತಂದ ಬಳೆಯನ್ನು ಒಂದು ಕೈಗೆ ಅಣ್ಣ ತೊಡಿಸಿದ, ಇನ್ನೊಂದು ಕೈಗೆ ತಮ್ಮ ತೊಡಿಸಿದ.

ಅಯ್ಯನವರು ನಿಲ್ಲಿಸಿದರು. ಮೊರದಲ್ಲಿ ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಆಗಿದ್ದವು. ಫಿಲೆಮೋನನಿಗೆ ಇನ್ನೂ ಹೊಳೆಯ ಮೇಲೆಯೇ ಇದ್ದ ಹಾಗಿತ್ತು. ಎದುರಿನ ಅಂಗಳ, ಗಂಟೆಯ ಕಂಬ, ದಾಸವಾಳದ ಗಿಡ ಎಲ್ಲವೂ ಮಂಜಿನ ಆಚೆ ನಿಂತ ಹಾಗೆ ಕಂಡವು. ಸ್ವಲ್ಪ ಹೊತ್ತಾದ ಮೇಲೆ ಅವನ ಮುಖ ಅರಳಿತು.

"ಯೊರ್ದನ್ ಹೊಳೆ! ಯೇಸುವಿನ ದೀಕ್ಷಾಸ್ನಾನ!" ಎಂದ. "ಮಗ ನೀರಿನಲ್ಲಿ, ತಂದೆಯ ದನಿ ಮೇಲಿನಿಂದ, ಆತ್ಮ ಪಾರಿವಾಳದ ಹಾಗೆ ಇಳಿದು ಅವನ ಮೇಲೆ. ಒಂದೇ ಗಳಿಗೆಯಲ್ಲಿ! ಇದನ್ನೇ ಅಣ್ಣನಿಗೆ ಹೇಳುತ್ತೇನೆ. ಈಗಲೇ ಹೋಗಿ ಹೇಳುತ್ತೇನೆ. ಅವನು ಏನು ಉತ್ತರ ಕೊಡುತ್ತಾನೋ ನೋಡುತ್ತೇನೆ."

"ಭಲೇ!" ಎಂದರು ಅಯ್ಯನವರು. "ಹಗ್ಗದ ಕತೆ ಹೇಳಿದರೆ ಅದೇ ಹಗ್ಗದಿಂದ ಅಣ್ಣನ ಕೈ ಕಟ್ಟಲು ಹೊರಟೆ."

"ಅವನು ಹೇಳುವುದು ತಪ್ಪೋ ಅಲ್ಲವೋ, ಅಯ್ಯನವರೇ?"

"ತಪ್ಪು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ತೋಟದಲ್ಲಿ ಬೆವರು ರಕ್ತವಾಗಿ ಸುರಿಯುವಾಗ ಯೇಸು ಗೋಡೆಯೊಡನೆ ಮಾತಾಡಲಿಲ್ಲ. ತನ್ನ ತಂದೆಯೊಡನೆ ಮಾತಾಡಿದ. ಅದು ವೇಷವಾದರೆ ಆ ಪ್ರೀತಿಯೂ ವೇಷ, ನಮ್ಮ ಮೇಲಿನ ಪ್ರೀತಿಯೂ ವೇಷ. ಅಲ್ಲಿಗೆ ಮುಗಿಯಿತು ನಮ್ಮ ಕತೆ. ನಿಮ್ಮ ಅವ್ವನನ್ನು ಅಳಿಸಿದನಲ್ಲ, ಅದು ಇನ್ನೂ ದೊಡ್ಡ ತಪ್ಪು. ಅದನ್ನು ಅವನಿಗೆ ನಾನೇ ಹೇಳುತ್ತೇನೆ, ಕಿವಿ ಹಿಂಡಿ ಹೇಳುತ್ತೇನೆ. ಆದರೆ ಅವನ ಹೆದರಿಕೆ ಸುಳ್ಳಲ್ಲ. ನಿನ್ನಂಥವರು ಮೂರು ಮನೆ ಕಟ್ಟುವುದನ್ನು ನೋಡಿ ಹೆದರಿ ಆ ಕಡೆ ಓಡಿದವನು ಅವನು. ದೇವರು ಒಬ್ಬನೇ ಎಂಬುದನ್ನು ಗಟ್ಟಿಯಾಗಿ ಹಿಡಿದಿದ್ದಾನೆ. ಅದನ್ನು ಬಿಡು ಎಂದು ಅವನಿಗೆ ಹೇಳುತ್ತೀಯಾ?"

"ಇಲ್ಲ" ಎಂದ ಫಿಲೆಮೋನ. ಅವನ ದನಿ ಇಳಿದಿತ್ತು. "ಆದರೆ ಅವನು ಒಳಗೆ ಬಂದರೆ, ನಾನು ಒಂದು ಬಗೆಯಾಗಿ ಪ್ರಾರ್ಥಿಸಿ ಅವನು ಇನ್ನೊಂದು ಬಗೆಯಾಗಿ ಪ್ರಾರ್ಥಿಸಿದರೆ, ಅದು ಒಂದೇ ಮನೆ ಹೇಗಾಗುತ್ತದೆ? ಮೊದಲು ಅವನು ತಿದ್ದಿಕೊಳ್ಳಲಿ. ಆಮೇಲೆ ಹಾಡಲಿ."

ಬಿಸಿಲು ಇಳಿದಿತ್ತು. ಕಾಂಪೌಂಡಿನ ಹೊರಗೆ, ಬೇವಿನ ಮರದ ಕಡೆಯಿಂದ ಯಾರೋ ಗುನುಗುವುದು ತೇಲಿ ಬರುತ್ತಿತ್ತು. ಸಂಜೆಯ ಕೀರ್ತನೆ ಅದು. ಫಿಲೆಮೋನನಿಗೆ ಆ ದನಿ ಗೊತ್ತಿತ್ತು. ಮೇಲಿನ ಸಾಲನ್ನು ಯಾವಾಗಲೂ ಅಣ್ಣ ಹಾಡುತ್ತಿದ್ದ, ಕೆಳಗಿನ ಸಾಲನ್ನು ಅವನು ಹಾಡುತ್ತಿದ್ದ. ಹೊರಗೆ ಮೇಲಿನ ಸಾಲು ಮುಗಿಯಿತು. ಆಮೇಲೆ ಅಷ್ಟು ಹೊತ್ತು ಸುಮ್ಮನಾಯಿತು, ಕೆಳಗಿನ ಸಾಲು ಹಾಡುವವನಿಗೆ ಕಾದ ಹಾಗೆ. ಆಮೇಲೆ ಮತ್ತೆ ಮೇಲಿನ ಸಾಲೇ ಮೊದಲಾಯಿತು.

ಅಯ್ಯನವರು ಮೊರವನ್ನು ಎತ್ತಿಕೊಂಡು ಎದ್ದರು. ಬಾಗಿಲ ಬಳಿ ನಿಂತು ಹೇಳಿದರು.

"ಮೂವರು ಒಂದೇ ಮನೆ ಎಂದು ಸಾರುವವನೇ, ಇಬ್ಬರಿಗೆ ನಿನ್ನ ಮನೆ ಯಾಕಪ್ಪ ಇಕ್ಕಟ್ಟಾಯಿತು?"